ಯೋಕ್ ಗೆಳೆಯನ ಕೈಯಲ್ಲಿ, ಹೊಣೆ ಯಾರ ತಲೆ ಮೇಲೆ?

ಅಮೆರಿಕದ ಸ್ಯಾನ್ ಹೋಸೆ ಹತ್ತಿರದ ಒಂದು ಪುಟ್ಟ ಏರ್‌ಪೋರ್ಟ್. ಶನಿವಾರ ಬೆಳಗ್ಗೆ. ನನ್ನ ಗೆಳೆಯ ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುತ್ತಾನೆ. ರಜೆ ದಿನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಸೆಸ್ನಾ 172 ಅನ್ನುವ ಪುಟ್ಟ ವಿಮಾನ ತಗೊಂಡು ಹಾರುತ್ತಾನೆ. ಹತ್ತಿರ ಹತ್ತಿರ ಮಾರುತಿ 800 ಒಳಗೆ ಕೂತಷ್ಟೇ ಇಕ್ಕಟ್ಟು. ಭುಜಕ್ಕೆ ಭುಜ ತಾಗುತ್ತಿತ್ತು. ಗುಡ್ಡ ದಾಟಿ, ಹಾಫ್ ಮೂನ್ ಬೇ ಕಡೆ ಸಮುದ್ರ ಕಾಣಿಸಿದಾಗ ಅವನು ಹೆಡ್‌ಸೆಟ್‌ನಲ್ಲಿ ಕೇಳಿದ: "ಮಗಾ, ಸ್ವಲ್ಪ ಹೊತ್ತು ಹಿಡ್ಕೋತೀಯಾ?"

ನನ್ನ ಮುಂದೆಯೂ ಒಂದು ಯೋಕ್ ಇತ್ತು, ಅಂದರೆ ವಿಮಾನದ ಸ್ಟೀರಿಂಗ್. ಕಾಲ ಬಳಿ ಇನ್ನೊಂದು ಜೊತೆ ಪೆಡಲ್. ಹಿಡಿದೆ. ಎರಡೇ ನಿಮಿಷದಲ್ಲಿ ನನಗೆ ಗೊತ್ತಿಲ್ಲದೇ ಮೂತಿ ಮೇಲೆದ್ದು ವಿಮಾನ 200 ಅಡಿ ಏರಿತ್ತು. "ಬಿಗಿಯಾಗಿ ಹಿಡೀಬೇಡ, ಎರಡು ಬೆರಳು ಸಾಕು" ಅಂದ. ಅವನ ಕೈ ತೊಡೆ ಮೇಲಿತ್ತು. ಆದರೆ ಕಾಲು ಪೆಡಲ್ ಬಿಟ್ಟಿರಲಿಲ್ಲ, ಕಣ್ಣು ಮೀಟರ್ ಬಿಟ್ಟಿರಲಿಲ್ಲ.

ಇಳಿದ ಮೇಲೆ ಕಾಫಿ ಕುಡಿಯುತ್ತಾ ಕೇಳಿದೆ. "ಅಲ್ಲ, ನನ್ನ ಹತ್ರ ಲೈಸೆನ್ಸ್ ಇಲ್ಲ. ನಾನು ಹಿಡಿದದ್ದು ಕಾನೂನಿಗೆ ಸರಿಯಾ?" ಅವನು ನಕ್ಕ. "ಸರಿನೇ. ಆದ್ರೆ ಏನಾದ್ರೂ ಆಗಿದ್ರೆ ಕೇಸು ನಿನ್ನ ಮೇಲಲ್ಲ, ನನ್ನ ಮೇಲೆ."

ಆ ಎರಡು ಮಾತಿನ ನಡುವೆ ಏನೇನಿದೆ ಅಂತ ಆಮೇಲೆ ಹುಡುಕಿ ಓದಿದೆ. ನಮ್ಮಲ್ಲಿ ಕಾಕ್‌ಪಿಟ್ ಒಳಗೆ ಯಾರನ್ನೋ ಕೂರಿಸಿಕೊಂಡ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ಚರ್ಚೆ "ಯಾರವಳು" ಅನ್ನುವಲ್ಲಿಗೇ ಹೋಗಿ ನಿಲ್ಲುತ್ತದೆ. ನಿಯಮ ಏನು ಹೇಳುತ್ತದೆ ಅನ್ನುವ ಕಡೆ ಯಾರೂ ಬರುವುದಿಲ್ಲ.

ಮೊದಲು ರಸ್ತೆಯ ಮೇಲಿನ ಲೆಕ್ಕ ನೋಡಿ. ಲೈಸೆನ್ಸ್ ಇಲ್ಲದವನ ಕೈಗೆ ನಿಮ್ಮ ಬೈಕ್ ಕೊಟ್ಟರೆ ಓಡಿಸಿದವನದು ಒಂದು ತಪ್ಪು, ಕೊಟ್ಟ ನಿಮ್ಮದು ಇನ್ನೊಂದು. ಮೋಟಾರು ವಾಹನ ಕಾಯ್ದೆಯ 180ನೇ ಸೆಕ್ಷನ್ ಪ್ರಕಾರ ಕೊಟ್ಟವರಿಗೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಓಡಿಸಿದವನು ಹದಿನೆಂಟು ತುಂಬದ ಹುಡುಗನಾಗಿ ಅಪರಾಧವೊಂದು ನಡೆದರೆ 2019ರಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ರಸ್ತೆಯಲ್ಲಿ ಕಾನೂನು ನೋಡುವುದು ಸ್ಟೀರಿಂಗ್ ಯಾರ ಕೈಯಲ್ಲಿತ್ತು ಅನ್ನುವುದನ್ನೇ.

ಆಕಾಶದಲ್ಲಿ ಹಾಗಲ್ಲ. ಅಲ್ಲಿ ಕಾನೂನು ಹುಡುಕುವುದು ಕೈಯನ್ನಲ್ಲ, ಒಬ್ಬ ಮನುಷ್ಯನನ್ನು. ಅವನ ಹೆಸರು ಪೈಲಟ್-ಇನ್-ಕಮಾಂಡ್. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊದ ಎರಡನೇ ಅನುಬಂಧದಲ್ಲಿ ಒಂದು ವಾಕ್ಯವಿದೆ. ಕಂಟ್ರೋಲ್ ತಾನೇ ಹಿಡಿದಿರಲಿ, ಬಿಟ್ಟಿರಲಿ, ಹಾರಾಟದ ನಿಯಮಗಳ ಪ್ರಕಾರ ವಿಮಾನ ನಡೆಯುವಂತೆ ನೋಡಿಕೊಳ್ಳುವ ಹೊಣೆ ಪೈಲಟ್-ಇನ್-ಕಮಾಂಡ್‌ನದ್ದು ಅನ್ನುವುದು ಅದರ ತಾತ್ಪರ್ಯ. "ಹಿಡಿದಿರಲಿ, ಬಿಟ್ಟಿರಲಿ" ಅನ್ನುವ ತುಂಡೇ ಇಡೀ ವಿಷಯದ ತಿರುಳು. "ನಾನಲ್ಲ ಸಾರ್, ಅವನು ತಿರುಗಿಸಿದ್ದು" ಅನ್ನುವ ನೆಪಕ್ಕೆ ಬಾಗಿಲು ಅಲ್ಲೇ ಮುಚ್ಚಿತು.

ಅಮೆರಿಕದ ನಿಯಮವೂ ಇದನ್ನೇ ಹೇಳುತ್ತದೆ. ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ. ಅದರ 91.3 ನಿಯಮದಂತೆ ಪೈಲಟ್-ಇನ್-ಕಮಾಂಡ್ ವಿಮಾನಕ್ಕೆ ನೇರ ಹೊಣೆಗಾರ, ಕೊನೆಯ ಮಾತೂ ಅವನದೇ. ಖಾಸಗಿ ಹಾರಾಟಕ್ಕೆ ಅನ್ವಯಿಸುವ ಇದೇ 91ನೇ ಭಾಗದಲ್ಲಿ ಪಕ್ಕದ ಸೀಟಿನ ಗೆಳೆಯ ಯೋಕ್ ಮುಟ್ಟಬಾರದು ಅಂತ ಎಲ್ಲೂ ಬರೆದಿಲ್ಲ. ಕಾರಣ ಸರಳ. ಸೆಸ್ನಾ 172ಕ್ಕೆ ಬೇಕಾದ ಪೈಲಟ್ ಒಬ್ಬನೇ. ಆ ಒಬ್ಬ ಎಡಗಡೆ ಕೂತಿದ್ದಾನೆ. ಲೈಸೆನ್ಸ್ ಬೇಕಾದದ್ದು ಅವನಿಗೆ. ನಾನು ಅಲ್ಲಿ ಬರೀ ಪ್ರಯಾಣಿಕ. ಅವನು ಬಿಟ್ಟುಕೊಟ್ಟಷ್ಟು ಹೊತ್ತು ಆಡಬಹುದು, ಅಷ್ಟೇ.

ಹಾಗಂತ ಪೂರ್ತಿ ಸ್ವಾತಂತ್ರ್ಯವೂ ಅಲ್ಲ. 91.13 ಅಂತ ಇನ್ನೊಂದು ನಿಯಮವಿದೆ. ಅಜಾಗರೂಕತೆಯಿಂದ ಬೇರೆಯವರ ಜೀವ, ಆಸ್ತಿಗೆ ಅಪಾಯ ತರುವಂತೆ ವಿಮಾನ ನಡೆಸಬಾರದು ಅನ್ನುತ್ತದೆ ಅದು. ಸಮುದ್ರದ ಮೇಲೆ, ತಿಳಿಯಾದ ಆಕಾಶದಲ್ಲಿ, ಮೂರು ಸಾವಿರ ಅಡಿ ಎತ್ತರದಲ್ಲಿ ಗೆಳೆಯನಿಗೆ ಹಿಡಿಯಲು ಕೊಡುವುದು ಒಂದು ಮಾತು. ರನ್‌ವೇಗೆ ಇಳಿಯುವಾಗ, ಗಾಳಿ ಅಡ್ಡ ಬೀಸುತ್ತಿರುವಾಗ ಕೊಡುವುದು ಬೇರೆ ಮಾತು. ಎಲ್ಲಿ ಗೆರೆ ಎಳೆಯಬೇಕು ಅಂತ ನಿಯಮ ಹೇಳುವುದಿಲ್ಲ. ಎಡವಿದ ಮೇಲೆ ಗೆರೆ ಇಲ್ಲಿತ್ತು ನೋಡು ಅಂತ ತೋರಿಸುತ್ತದೆ.

ಇಲ್ಲೇ ಲಾಗ್‌ಬುಕ್‌ನ ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ಪೈಲಟ್‌ಗಳು ಹಾರಿದ ಹೊತ್ತನ್ನೆಲ್ಲ ಬರೆದಿಡುತ್ತಾರೆ. ಅಮೆರಿಕದ 61.51 ನಿಯಮದಲ್ಲಿ ಒಬ್ಬ ಖಾಸಗಿ ಪೈಲಟ್ ಪೈಲಟ್-ಇನ್-ಕಮಾಂಡ್ ಹೊತ್ತು ಅಂತ ಬರೆದುಕೊಳ್ಳಲು ಇರುವ ಮುಖ್ಯ ದಾರಿ ಅಂದರೆ ಆ ಹೊತ್ತಿನಲ್ಲಿ ಕಂಟ್ರೋಲ್ ಅವನೊಬ್ಬನ ಕೈಯಲ್ಲೇ ಇರಬೇಕು. ಅಕ್ಷರಕ್ಕೆ ಅಕ್ಷರ ಓದಿದರೆ ನಾನು ಹಿಡಿದಿದ್ದ ಹತ್ತು ನಿಮಿಷವನ್ನು ಅವನು ಬರೆದುಕೊಳ್ಳುವ ಹಾಗಿಲ್ಲ. ನಾನಂತೂ ಬರೆದುಕೊಳ್ಳಲು ಆಗುವುದೇ ಇಲ್ಲ. ಅವನು ಬೋಧಕನಲ್ಲ, ಹಾಗಾಗಿ ಅದು ಪಾಠದ ಲೆಕ್ಕಕ್ಕೂ ಬರುವುದಿಲ್ಲ. ಅನುಭವದ ಖಾತೆಯಲ್ಲಿ ಯಾರಿಗೂ ಸೇರದ ಹತ್ತು ನಿಮಿಷ. ಹೊಣೆಯ ಖಾತೆಯಲ್ಲಿ ಮಾತ್ರ ಹತ್ತಕ್ಕೆ ಹತ್ತೂ ಅವನದೇ.

ಅಷ್ಟು ಸಡಿಲ ಇರುವ ಕಡೆ ಬಿಗಿ ಬಂದದ್ದು ಒಂದು ಮಗುವಿನಿಂದ. ನಾವು ಹಾರಿಹೋದ ಹಾಫ್ ಮೂನ್ ಬೇ ಇದೆಯಲ್ಲ, 1996ರ ಏಪ್ರಿಲ್ 10ರಂದು ಅಲ್ಲಿಂದಲೇ ಏಳು ವರ್ಷದ ಜೆಸ್ಸಿಕಾ ಡುಬ್ರಾಫ್ ಹೊರಟಿದ್ದಳು. ಅಮೆರಿಕವನ್ನು ಈ ತುದಿಯಿಂದ ಆ ತುದಿಗೆ ಹಾರಿ ದಾಟುವ ಅತಿ ಚಿಕ್ಕವಳು ಅನ್ನಿಸಿಕೊಳ್ಳುವ ಆಸೆ. ಜೊತೆಗೆ ಅಪ್ಪ, ಮತ್ತೆ ಬೋಧಕ. ವಿಮಾನ ಸೆಸ್ನಾ 177ಬಿ. ಕಾಲು ಪೆಡಲ್‌ಗೆ ಎಟುಕುತ್ತಿರಲಿಲ್ಲ, ಅದಕ್ಕೆ ಉದ್ದದ ಜೋಡಣೆ ಮಾಡಿದ್ದರು. ಟಿವಿಯವರು ಹಿಂದೆ ಬಿದ್ದಿದ್ದರು. ಮಾರನೇ ದಿನ ವಯೋಮಿಂಗ್‌ನ ಶಾಯೆನ್‌ನಲ್ಲಿ ಗುಡುಗು ಮಳೆ ಮೇಲೆ ಬರುತ್ತಿದ್ದಾಗಲೇ ಎದ್ದರು. ವಿಮಾನದಲ್ಲಿ ಭಾರ ಜಾಸ್ತಿ. ಆ ಎತ್ತರದ ಊರಿನಲ್ಲಿ ಗಾಳಿ ತೆಳು. ಎದ್ದ ಸ್ವಲ್ಪದರಲ್ಲೇ ವೇಗ ಸಾಲದೆ ಬಿದ್ದಿತು. ಮೂವರೂ ಹೋದರು.

ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಮಗುವಿನತ್ತ ಬೆರಳು ತೋರಿಸಲಿಲ್ಲ. ಅಂಥ ಹವೆಯಲ್ಲಿ, ಅಷ್ಟು ಭಾರದಲ್ಲಿ ಏಳಲು ಪೈಲಟ್-ಇನ್-ಕಮಾಂಡ್, ಅಂದರೆ ಬೋಧಕ, ಮಾಡಿದ ತೀರ್ಮಾನವೇ ತಪ್ಪು ಅಂದಿತು. ಹೇಳಿದ ದಿನಕ್ಕೆ ತಲುಪಲೇಬೇಕು ಅನ್ನುವ ಹಟ, ಟಿವಿಗೆ ಕೊಟ್ಟ ಮಾತು, ಎರಡೂ ಸೇರಿಕೊಂಡಿದ್ದವು ಅಂದಿತು. ಹಾರಿಸಿದ್ದು ಮಗು ಅಂತ ಜಗತ್ತೆಲ್ಲ ಕೊಂಡಾಡುತ್ತಿದ್ದಾಗಲೂ ಕಾನೂನಿನ ಕಣ್ಣಿಗೆ ಅವಳು ಪ್ರಯಾಣಿಕಳು.

ಅದೇ ವರ್ಷ ಅಮೆರಿಕದ ಸಂಸತ್ತು ಮಕ್ಕಳ ಹಾರಾಟದ ಬಗ್ಗೆ ಹೊಸ ಕಾನೂನು ತಂದಿತು. ಅದನ್ನು ಗಮನವಿಟ್ಟು ಓದಿದರೆ ಒಂದು ಜಾಣತನ ಕಾಣುತ್ತದೆ. ಮಕ್ಕಳು ಕಂಟ್ರೋಲ್ ಮುಟ್ಟಬಾರದು ಅಂತ ಅದು ಹೇಳಲಿಲ್ಲ. ಪೈಲಟ್ ಲೈಸೆನ್ಸ್ ಮತ್ತು ವೈದ್ಯಕೀಯ ಪ್ರಮಾಣಪತ್ರ ಇಲ್ಲದವರು ದಾಖಲೆ, ಪಂದ್ಯ ಅಥವಾ ಸಾಹಸಕ್ಕೆ ಅಂತ ಹಾರುತ್ತಿದ್ದಾರೆ ಅಂತ ಗೊತ್ತಿದ್ದರೆ, ಅಥವಾ ಗೊತ್ತಿರಬೇಕಿದ್ದರೆ, ಪೈಲಟ್ ಅವರ ಕೈಗೆ ಕೊಡಬಾರದು ಅಂದಿತು. ತಪ್ಪಿದರೆ ಪೈಲಟ್‌ನ ಲೈಸೆನ್ಸ್‌ಗೇ ಕುತ್ತು. ಭಾನುವಾರ ಅಪ್ಪನ ಪಕ್ಕ ಕೂತು ಹತ್ತು ನಿಮಿಷ ಹಿಡಿಯುವ ಮಗುವನ್ನು ಸುಮ್ನೆ ಬಿಟ್ಟರು, ಮಗುವನ್ನು ಮುಂದಿಟ್ಟು ಹೆಸರು ಮಾಡುವವರನ್ನು ಹಿಡಿದರು. ಇವತ್ತಿನ ರೀಲ್ಸ್ ಕಾಲಕ್ಕೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ ಅಂತ ನನಗನ್ನಿಸುತ್ತದೆ.

ಟಿಕೆಟ್ ಮಾರಿದ ವಿಮಾನಕ್ಕೆ ಬಂದರೆ ಕತೆ ಪೂರ್ತಿ ಬೇರೆ. ಅಮೆರಿಕದ ಏರ್‌ಲೈನ್‌ಗಳಿಗೆ 121.545 ನಿಯಮ, ಟ್ಯಾಕ್ಸಿಯ ಹಾಗೆ ಪೈಲಟ್ ಸಮೇತ ಬಾಡಿಗೆಗೆ ಬರುವ ವಿಮಾನಗಳಿಗೆ 135.115. ಆ ಕಂಪನಿಯ ಅರ್ಹ ಪೈಲಟ್ ಮುಂತಾದ ಬೆರಳೆಣಿಕೆಯ ಅರ್ಹರನ್ನು ಬಿಟ್ಟು ಯಾರ ಕೈಗೂ ಕಂಟ್ರೋಲ್ ಕೊಡುವ ಹಾಗಿಲ್ಲ. ಕೊಡುವುದೂ ತಪ್ಪು, ಹಿಡಿಯುವುದೂ ತಪ್ಪು. ಹಿಂದೆ ಕೂತ ನೂರಾರು ಜನ ಪೈಲಟ್‌ನ ಗೆಳೆಯರಲ್ಲವಲ್ಲ. ಸೆಸ್ನಾದಲ್ಲಿ ಆಗುವುದಿದ್ದರೆ ಆಗುವುದು ನನಗೆ, ಅವನಿಗೆ. ನಾನು ನೋಡಿಯೇ ಹತ್ತಿದ್ದೆ. ಏರ್‌ಲೈನ್ ಪ್ರಯಾಣಿಕ ಬಾಗಿಲಾಚೆ ಯಾರು ಕೂತಿದ್ದಾರೆ ಅಂತ ನೋಡಲಾರ. ಅವನು ದುಡ್ಡು ಕೊಟ್ಟಿರುವುದೇ ನೋಡದೆ ನಂಬುವುದಕ್ಕೆ.

2024ರ ಏಪ್ರಿಲ್‌ನಲ್ಲಿ ಕೊಲೊರಾಡೊ ರಾಕೀಸ್ ಬೇಸ್‌ಬಾಲ್ ತಂಡ ಡೆನ್ವರ್‌ನಿಂದ ಟೊರೊಂಟೊಗೆ ಏರ್‌ಲೈನ್ ಕಂಪನಿ ಯುನೈಟೆಡ್‌ನ ವಿಶೇಷ ವಿಮಾನದಲ್ಲಿ ಹೋಗುತ್ತಿತ್ತು. ತಂಡದ ಬ್ಯಾಟಿಂಗ್ ಕೋಚ್ ಹಾರಾಟದ ನಡುವೆ ಪೈಲಟ್ ಸೀಟಿನಲ್ಲಿ ಕೂತ ವಿಡಿಯೊ ಹೊರಬಂತು. ಎಫ್‌ಎಎ ತನಿಖೆ ಶುರುಮಾಡಿತು, ಪೈಲಟ್‌ಗಳನ್ನು ಕಂಪನಿ ಕೆಲಸದಿಂದ ದೂರ ಇಟ್ಟಿತು. 2015ರಲ್ಲಿ ಅರ್ಜೆಂಟೀನಾದ ಆಸ್ಟ್ರಲ್ ಕಂಪನಿಯ ಇಬ್ಬರು ಪೈಲಟ್‌ಗಳು ಟೇಕಾಫ್ ಹೊತ್ತಿನಲ್ಲಿ ಮಾಡೆಲ್ ಒಬ್ಬಳ ಕೈಯನ್ನು ಎಂಜಿನ್ ಶಕ್ತಿ ಏರಿಸುವ ಥ್ರಾಟಲ್ ಮೇಲೆ ಇರಿಸಿಕೊಂಡು ಕೆಲಸ ಕಳೆದುಕೊಂಡರು. ಚೀನಾದ ಗ್ವಿಲಿನ್ ಏರ್‌ನ ಪೈಲಟ್ 2019ರಲ್ಲಿ, ಪ್ರಯಾಣಿಕಳೊಬ್ಬಳು ಕಾಕ್‌ಪಿಟ್‌ನಲ್ಲಿ ಕೂತ ಒಂದು ಫೋಟೊದಿಂದಾಗಿ ಜೀವಮಾನವಿಡೀ ಹಾರದಂತಾದ. ಇವೆಲ್ಲ ಹೊರಗೆ ಬಂದದ್ದು ಕಾಕ್‌ಪಿಟ್ ಒಳಗಿನವರೇ ತೆಗೆದ ಫೋಟೊ, ವಿಡಿಯೊದಿಂದ ಅನ್ನುವುದನ್ನು ಗಮನಿಸಿ.

ನೆದರ್‌ಲೆಂಡ್ಸ್ ದೊರೆ ವಿಲೆಮ್-ಅಲೆಕ್ಸಾಂಡರ್ ಎರಡು ದಶಕ ಪ್ರಯಾಣಿಕರ ವಿಮಾನಗಳಲ್ಲಿ ಸಹಪೈಲಟ್ ಆಗಿ ಹಾರಿದ್ದಾರೆ. 2017ರಲ್ಲಿ ಅವರೇ ಹೇಳಿಕೊಳ್ಳುವವರೆಗೆ ಎಷ್ಟೋ ಪ್ರಯಾಣಿಕರಿಗೆ ತಮ್ಮ ವಿಮಾನದಲ್ಲಿ ದೊರೆ ಕೂತಿದ್ದದ್ದೇ ಗೊತ್ತಿರಲಿಲ್ಲ. ಅದು ತಪ್ಪಲ್ಲ. ಅವರ ಹತ್ತಿರ ಲೈಸೆನ್ಸ್ ಇತ್ತು, ಆ ವಿಮಾನದ ತರಬೇತಿಯೂ ಇತ್ತು. ಕಿರೀಟ ಲೆಕ್ಕಕ್ಕೆ ಬರಲಿಲ್ಲ.

ನಮ್ಮಲ್ಲಿಗೆ ಬರೋಣ. 1937ರ ವಿಮಾನ ನಿಯಮಗಳ 141ನೇ ನಿಯಮ ಪೈಲಟ್-ಇನ್-ಕಮಾಂಡ್ ಹೆಗಲಿಗೆ ಎಲ್ಲವನ್ನೂ ಹೊರಿಸುತ್ತದೆ. ವಿಮಾನದ ಸುರಕ್ಷತೆ, ಪ್ರಯಾಣಿಕರು, ಸರಕು, ಜೊತೆಗೆ ಸಿಬ್ಬಂದಿಯ ಶಿಸ್ತು. 1934ರ ಮೂಲ ಕಾಯ್ದೆ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಾಗಲೂ ಈ ಹಳೆಯ ನಿಯಮಗಳನ್ನು ಉಳಿಸಿಕೊಂಡರು.

2023ರ ಫೆಬ್ರವರಿ 27ರಂದು ದುಬೈಯಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದ ಪೈಲಟ್ ತನಗೆ ಗೊತ್ತಿದ್ದ ಒಬ್ಬಾಕೆಯನ್ನು ಕಾಕ್‌ಪಿಟ್ ಒಳಗೆ ಕರೆಸಿಕೊಂಡ. ಆಕೆ ಅದೇ ಕಂಪನಿಯ ಉದ್ಯೋಗಿ, ಆದರೆ ಅವತ್ತು ಬಂದದ್ದು ಪ್ರಯಾಣಿಕಳಾಗಿ. ದೂರು ಕೊಟ್ಟದ್ದು ಕ್ಯಾಬಿನ್ ಸಿಬ್ಬಂದಿ. ಮೇ ತಿಂಗಳಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಪೈಲಟ್‌ನ ಲೈಸೆನ್ಸ್ ಮೂರು ತಿಂಗಳು ಅಮಾನತು ಮಾಡಿತು. ದೂರು ಬಂದರೂ ಬೇಗ ಕ್ರಮ ಕೈಗೊಳ್ಳಲಿಲ್ಲ ಅಂತ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಆಕೆ ಕಂಟ್ರೋಲ್ ಮುಟ್ಟಿದಳು ಅನ್ನುವ ಆರೋಪವೇ ಇರಲಿಲ್ಲ. ಒಳಗೆ ಬಿಟ್ಟುಕೊಂಡದ್ದಕ್ಕೇ ಇಷ್ಟು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಪತ್ರಿಕೆಗಳಲ್ಲಿ ಕೊನೆಯ ಸಾಲಿಗೆ ಹೋದ ಒಂದು ಸಂಗತಿ. ಸಹಪೈಲಟ್‌ಗೂ ಎಚ್ಚರಿಕೆ ಕೊಟ್ಟರು. ತಪ್ಪನ್ನು ತಡೆಯುವಷ್ಟು ಗಟ್ಟಿಯಾಗಿ ಮಾತಾಡಲಿಲ್ಲ ಅನ್ನುವುದಕ್ಕೆ. ಹಿರಿಯರ ಎದುರು ಬಾಯಿ ತೆಗೆಯದಿರುವುದನ್ನೇ ಮರ್ಯಾದೆ ಅಂದುಕೊಂಡು ಬೆಳೆದವರು ನಾವು. ಕಚೇರಿಯಲ್ಲಿ ಬಾಸ್ ತಪ್ಪು ಲೆಕ್ಕ ಹೇಳಿದರೂ "ಹೌದು ಸಾರ್" ಅನ್ನುತ್ತೇವೆ. ಕಾಕ್‌ಪಿಟ್‌ನಲ್ಲಿ "ಸಾರ್, ಇದು ಬೇಡ" ಅನ್ನುವುದು ಕೆಲಸದ ಭಾಗ. ಅನ್ನದಿದ್ದರೆ ಅದೂ ಒಂದು ಲೋಪ. ಪೈಲಟ್-ಇನ್-ಕಮಾಂಡ್ ಹೊಣೆ ಪೂರ್ತಿ ಅವನದೇ ಅನ್ನುವುದು ಎಷ್ಟು ನಿಜವೋ, ಪಕ್ಕದವನು ಕೈಕಟ್ಟಿ ಕೂರುವ ಹಾಗಿಲ್ಲ ಅನ್ನುವುದೂ ಅಷ್ಟೇ ನಿಜ.

ಯಾಕೆ ಅನ್ನುವುದಕ್ಕೆ ಸೈಬೀರಿಯಾಕ್ಕೆ ಹೋಗಬೇಕು.

1994ರ ಮಾರ್ಚ್. ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟ ಏರೋಫ್ಲೋಟ್ 593, ಏರ್‌ಬಸ್ ಎ310. ಒಳಗೆ 75 ಜನ. ರಾತ್ರಿ. ಆಟೋಪೈಲಟ್ ಹಾರಿಸುತ್ತಿದೆ. ಮುಖ್ಯ ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದರು. ಆ ಪಾಳಿಯ ಪೈಲಟ್ ಕುದ್ರಿನ್‌ಸ್ಕಿ ತನ್ನ ಇಬ್ಬರು ಮಕ್ಕಳನ್ನು ಒಳಗೆ ಕರೆದ. ಮೊದಲು ಮಗಳು ಎಡಗಡೆಯ ಸೀಟಿನಲ್ಲಿ ಕೂತಳು. ಅಪ್ಪ ಆಟೋಪೈಲಟ್‌ನ ಗುಂಡಿ ತಿರುಗಿಸಿ ಅವಳೇ ವಿಮಾನ ತಿರುಗಿಸುತ್ತಿದ್ದಾಳೆ ಅನ್ನುವ ಹಾಗೆ ಮಾಡಿದ. ತೊಡೆ ಮೇಲೆ ಕೂರಿಸಿಕೊಂಡು ಸ್ಕೂಟರ್ ಹ್ಯಾಂಡಲ್ ಹಿಡಿಸುವ ಅಪ್ಪನ ಆಟವೇ. ಆಮೇಲೆ ಹದಿಹರೆಯದ ಮಗ ಕೂತ. ಇವನು ತಂಗಿಗಿಂತ ಜೋರಾಗಿ ಹಿಡಿದ.

ಆ ವಿಮಾನದ ಆಟೋಪೈಲಟ್‌ಗೆ ಒಂದು ಗುಣವಿತ್ತು. ಯೋಕ್ ಮೇಲೆ ಸುಮಾರು ಅರ್ಧ ನಿಮಿಷ ಒತ್ತಡ ಬಿದ್ದರೆ, ಪೈಲಟ್ ತಾನೇ ತಿರುಗಿಸಲು ನೋಡುತ್ತಿದ್ದಾನೆ ಅಂದುಕೊಂಡು ಪಕ್ಕಕ್ಕೆ ವಾಲಿಸುವ ಕೆಲಸವನ್ನಷ್ಟೇ ಬಿಟ್ಟುಕೊಡುತ್ತಿತ್ತು. ಉಳಿದದ್ದು ನಡೆದೇ ಇರುತ್ತಿತ್ತು. ಗಂಟೆ ಬಾರಿಸುತ್ತಿರಲಿಲ್ಲ, ಒಂದು ದೀಪ ಹೊತ್ತಿಕೊಳ್ಳುತ್ತಿತ್ತು ಅಷ್ಟೇ. ಸೋವಿಯತ್ ವಿಮಾನಗಳಲ್ಲಿ ಪಳಗಿದ ಈ ಪೈಲಟ್‌ಗಳ ಕಿವಿ ಸದ್ದಿಗೆ ಒಗ್ಗಿತ್ತು. ದೀಪ ಯಾರಿಗೂ ಕಾಣಲಿಲ್ಲ. ವಿಮಾನ ಬಲಕ್ಕೆ ವಾಲತೊಡಗಿತು. ಮೊದಲು ಗಮನಿಸಿದ್ದು ಆ ಹುಡುಗನೇ. ವಿಮಾನ ಯಾಕೆ ತಿರುಗುತ್ತಿದೆ ಅಂತ ಕೇಳಿದ. ಇಬ್ಬರು ಅನುಭವಿ ಪೈಲಟ್‌ಗಳು ಕಾರಣ ಹುಡುಕುತ್ತಾ ಕೆಲವು ಕ್ಷಣ ಕಳೆದರು. ಅಷ್ಟರಲ್ಲಿ ವಾಲಿದ್ದು 45 ಡಿಗ್ರಿ ದಾಟಿತ್ತು.

ಇಲ್ಲಿ ಸೀಟುಗಳನ್ನು ನೋಡಿ. ಎಡಗಡೆಯ ಸೀಟಿನಲ್ಲಿ ಹುಡುಗ. ಅಪ್ಪ ಹಿಂದೆ. ವಿಮಾನ ತಿರುಗುವ ರಭಸ ದೇಹವನ್ನು ಒತ್ತಿ ಹಿಡಿದಿದ್ದರಿಂದ ಅವನಿಗೆ ತನ್ನ ಸೀಟಿಗೆ ಬರಲಾಗಲಿಲ್ಲ. ಬಲಗಡೆಯ ಸಹಪೈಲಟ್ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಕೊಂಡು ಆರಾಮಾಗಿ ಕೂತಿದ್ದ, ಅವನಿಗೂ ಕಂಟ್ರೋಲ್ ಸರಿಯಾಗಿ ಎಟುಕುತ್ತಿರಲಿಲ್ಲ. ವಿಮಾನ ಕೆಳಗೆ ಧುಮುಕಿತು, ಎಬ್ಬಿಸಿದರು, ಜಾಸ್ತಿ ಎಬ್ಬಿಸಿ ಮತ್ತೆ ತಪ್ಪಿಸಿಕೊಂಡರು. ಕೊನೆಗೆ ಬಹುಪಾಲು ಹತೋಟಿಗೆ ತಂದರು ಕೂಡ. ಅಷ್ಟರಲ್ಲಿ ಎತ್ತರ ಉಳಿದಿರಲಿಲ್ಲ. ಮೆಝ್ದುರೆಚೆನ್ಸ್ಕ್ ಹತ್ತಿರದ ಬೆಟ್ಟದ ಕಾಡಿಗೆ ಬಿದ್ದಿತು. 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನದಲ್ಲಿ ಯಾವ ದೋಷವೂ ಇರಲಿಲ್ಲ.

ಕಾಗದದ ಮೇಲೆ ಆ ಎರಡು ನಿಮಿಷದಲ್ಲೂ ಹೊಣೆ ಪೈಲಟ್‌ನದ್ದೇ ಆಗಿತ್ತು. ಒಂದು ಕ್ಷಣವೂ ಬದಲಾಗಲಿಲ್ಲ. ಬದಲಾದದ್ದು ಅವನು ಕೂತ ಜಾಗ. ವಾಪಸ್ ತಗೊಳ್ಳಲಾಗದ ಜಾಗದಲ್ಲಿ ಕೂತು ಹೊಣೆ ನನ್ನದು ಅಂದರೆ ಏನು ಬಂತು? ಕೊಡಬಹುದಾ, ಕೊಡಬಾರದಾ ಅಂತ ನಾವು ಕೇಳುತ್ತೇವೆ. ಎಷ್ಟು ಸೆಕೆಂಡಿನಲ್ಲಿ ವಾಪಸ್ ತಗೊಳ್ಳಬಲ್ಲೆ ಅಂತ ಪೈಲಟ್ ತನ್ನನ್ನೇ ಕೇಳಿಕೊಳ್ಳಬೇಕು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇರುತ್ತದಲ್ಲ, ಹಾಗೆ.

ಹಾಗಾದರೆ ಸಣ್ಣ ವಿಮಾನದಲ್ಲೂ ಪೂರ್ತಿ ನಿಷೇಧಿಸಿಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2022ರ ಮೇ 10ರಂದು ಫ್ಲಾರಿಡಾದಲ್ಲಿ ಒಂದು ಸೆಸ್ನಾ ಕ್ಯಾರವಾನ್ ಹಾರುತ್ತಿದ್ದಾಗ ಪೈಲಟ್‌ಗೆ ಪ್ರಜ್ಞೆ ತಪ್ಪಿತು. ಹಾರಿಸಿ ಗೊತ್ತೇ ಇಲ್ಲದ ಪ್ರಯಾಣಿಕ ಮುಂದೆ ಬಂದು ಕಂಟ್ರೋಲ್ ಹಿಡಿದ. ಬೋಧಕರೂ ಆಗಿದ್ದ ಒಬ್ಬ ಏರ್ ಟ್ರಾಫಿಕ್ ಕಂಟ್ರೋಲರ್ ರೇಡಿಯೊದಲ್ಲಿ ಒಂದೊಂದೇ ಹೇಳಿಕೊಟ್ಟು ಪಾಮ್ ಬೀಚ್‌ನಲ್ಲಿ ಇಳಿಸಿದರು. ಪಕ್ಕದಲ್ಲಿ ಕೂರುವ ಹೆಂಡತಿಗೋ ಗೆಳೆಯನಿಗೋ ವಿಮಾನ ನೇರ ಇಡುವುದು ಹೇಗೆ, ರೇಡಿಯೊ ಗುಂಡಿ ಎಲ್ಲಿದೆ ಅಂತ ಗೊತ್ತಿದ್ದರೆ ಅದು ಲಾಭವೇ. ಬೆಂಗಳೂರಿನ ಜಕ್ಕೂರು ವಿಮಾನ ತರಬೇತಿ ಶಾಲೆಯ ಬೇಲಿಯಾಚೆ ನಿಂತು ಕತ್ತೆತ್ತಿ ನೋಡುವ ಹುಡುಗರಿಗೆ ಒಂದು ಸಲ ಹಿಡಿದ ಅನುಭವ ಏನು ಮಾಡುತ್ತದೆ ಅಂತಲೂ ಯೋಚಿಸಿ. ಆದರೆ ಅದು ಬೋಧಕರ ಪಕ್ಕ ಕೂತು ಆಗಲಿ.

ನನ್ನ ಗೆಳೆಯ ಬೋಧಕನಲ್ಲ ಅಂದೆನಲ್ಲ. ಆದರೂ ಅವನಿಗೆ ಒಂದು ಅಭ್ಯಾಸ ಕಲಿಸಿದ್ದಾರೆ. ಅಮೆರಿಕದಲ್ಲಿ ಎಲ್ಲ ಪೈಲಟ್‌ಗಳಿಗೂ ಕಲಿಸುವುದೇ. ಕೊಡುವಾಗ ಮೂರು ಸಲ ಹೇಳಬೇಕು. "ಕಂಟ್ರೋಲ್ ನಿನ್ನದು" ಅಂತ ಅವನು. "ಕಂಟ್ರೋಲ್ ನನ್ನದು" ಅಂತ ನಾನು. ಮತ್ತೆ "ಕಂಟ್ರೋಲ್ ನಿನ್ನದು" ಅಂತ ಅವನು, ನೋಡಿ ಖಾತ್ರಿ ಮಾಡಿಕೊಂಡು. ವಾಪಸ್ ತಗೊಳ್ಳುವಾಗಲೂ ಹಾಗೇ. ಅವನು ಹಿಡಿದಿದ್ದಾನೆ ಅಂತ ನಾನು, ನಾನು ಹಿಡಿದಿದ್ದೇನೆ ಅಂತ ಅವನು ಅಂದುಕೊಂಡು ಇಬ್ಬರೂ ಬಿಟ್ಟಿರಬಾರದು ಅಂತ. ಹತ್ತುವ ಮುಂಚೆ ಇನ್ನೂ ಒಂದು ಹೇಳಿದ್ದ. "ನಾನು 'ಬಿಡು' ಅಂದ್ರೆ ಎರಡೂ ಕೈ ಎತ್ತಿ ತೊಡೆ ಮೇಲೆ ಇಡ್ಬೇಕು. ಯಾಕೆ, ಏನು ಅಂತ ಆಮೇಲೆ ಕೇಳು." ಹೆದರಿದವರು ಯೋಕ್ ಅನ್ನು ಅಪ್ಪಿ ಹಿಡಿದುಬಿಡುತ್ತಾರಂತೆ. ಅದನ್ನು ಬಿಡಿಸುವುದು ಮಗುವಿನ ಮುಷ್ಟಿಯಿಂದ ಚಾಕಲೇಟ್ ಬಿಡಿಸಿದ ಹಾಗಂತೆ.

ಕಾಫಿ ಮುಗಿಸಿ ಅವನು ಚೀಲದಿಂದ ಲಾಗ್‌ಬುಕ್ ತೆಗೆದ. ದಿನಾಂಕ ಬರೆದ, ವಿಮಾನದ ನಂಬರ್ ಬರೆದ. ಹೊತ್ತಿನ ಕಾಲಂ ಬಂದಾಗ ಪೆನ್ನು ನಿಂತಿತು.

"ನೀನು ಎಷ್ಟು ಹೊತ್ತು ಹಿಡ್ಕೊಂಡಿದ್ದೆ?"

"ಹತ್ತು ನಿಮಿಷ ಇರ್ಬೇಕು."

ಬೆರಳು ಮಡಚಿ ಲೆಕ್ಕ ಹಾಕಿ, ಅಷ್ಟನ್ನು ಕಳೆದು ಬರೆದುಕೊಂಡ.